ಪರಮಾಣುವಿನ ಒಳಗುಟ್ಟು ಅರಿತ ನೀಲ್ಸ್ ಬೋರ್

ಆಧುನಿಕ ಭೌತವಿಜ್ಞಾನದ ಶಿಲ್ಪಿಗಳಲ್ಲಿ ಅಗ್ರಗಣ್ಯರಾದ ನೀಲ್ಸ್ ಬೋರ್ ಜನಿಸಿದ್ದು 1885ರ ಅಕ್ಟೋಬರ್ 7ರಂದು, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ತಂದೆ ಕ್ರಿಸ್ಟಿಯನ್ ಬೋರ್ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು. ತಮ್ಮ ಹೆರಾಲ್ಡ್ ಹೆಸರಾಂತ ಗಣಿತಜ್ಞ. 1908ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಫುಟ್‌ಬಾಲ್ ತಂಡದ ಆಟಗಾರನೂ ಹೌದು.

1911ರಲ್ಲಿ ಡಾಕ್ಟರೇಟ್ ಪಡೆದು ಇಂಗ್ಲೆಂಡಿಗೆ ತೆರಳಿದ ಬೋರ್, ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡರ ಪ್ರಯೋಗಾಲಯ ಸೇರಿದರು. ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನು ಸುತ್ತುತ್ತದೆ ಎಂಬುದು ಗುರುಗಳ ಕಲ್ಪನೆ. ಆದರೆ ಹಳೆಯ ನಿಯಮಗಳ ಪ್ರಕಾರ ಅಂತಹ ಎಲೆಕ್ಟ್ರಾನು ಶಕ್ತಿಯನ್ನು ಹೊರಸೂಸುತ್ತ ಕ್ಷಣಾರ್ಧದಲ್ಲಿ ನ್ಯೂಕ್ಲಿಯಸ್ಸಿಗೆ ಬೀಳಬೇಕು. 1913ರಲ್ಲಿ ಬೋರ್ ಇದಕ್ಕೆ ದಿಟ್ಟ ಪರಿಹಾರ ಸೂಚಿಸಿದರು. ಎಲೆಕ್ಟ್ರಾನಿನ ಕೋನೀಯ ಸಂವೇಗವು ಪ್ಲಾಂಕ್ ಸ್ಥಿರಾಂಕವನ್ನು 2π ಯಿಂದ ಭಾಗಿಸಿದ ಮೊತ್ತದ ಪೂರ್ಣಾಂಕ ಗುಣಕವಾಗಿಯೇ ಇರಬೇಕು. ಅಂತಹ ಕಕ್ಷೆಗಳಲ್ಲಿ ಅದು ಸ್ಥಿರ. ಮೇಲಿನ ಕಕ್ಷೆಯಿಂದ ಕೆಳಗಿನದಕ್ಕೆ ಜಿಗಿದಾಗ ಮಾತ್ರ ಬೆಳಕು ಹೊಮ್ಮುತ್ತದೆ. ಜಲಜನಕದ ರೋಹಿತ ರೇಖೆಗಳ ಲೆಕ್ಕ ಇದರಿಂದ ಸರಿಹೊಂದಿತು.

ಆದರೆ ಅಗ್ನಿಪರೀಕ್ಷೆ ಕಾದಿತ್ತು. ಜಲಜನಕದ್ದೆಂದು ನಂಬಲಾಗಿದ್ದ ಕೆಲವು ರೇಖೆಗಳು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಹೀಲಿಯಮ್ಮಿನವು ಎಂದು ಬೋರ್ ಪ್ರತಿಪಾದಿಸಿದರು. ಹೀಲಿಯಂ ನ್ಯೂಕ್ಲಿಯಸ್ಸಿನ ವಿದ್ಯುದಂಶ ಇಮ್ಮಡಿಯಾದ್ದರಿಂದ ರೇಖೆಗಳ ಸ್ಥಿರಾಂಕ ಜಲಜನಕದ್ದಕ್ಕಿಂತ ಸರಿಯಾಗಿ 4 ಪಟ್ಟು ಇರಬೇಕಿತ್ತು. ರೋಹಿತ ತಜ್ಞ ಆಲ್‌ಫ್ರೆಡ್ ಫೌಲರ್ ಆಕ್ಷೇಪವೆತ್ತಿದರು: ಅಳತೆ ತೋರಿಸುವುದು 4.0016. ವ್ಯತ್ಯಾಸ ಅತ್ಯಲ್ಪ, ಆದರೆ ರೋಹಿತ ಮಾಪನದ ನಿಖರತೆಯ ಮುಂದೆ ಅದನ್ನು ಕಡೆಗಣಿಸುವಂತಿರಲಿಲ್ಲ.

ಬೋರ್ ಧೃತಿಗೆಡಲಿಲ್ಲ. ನ್ಯೂಕ್ಲಿಯಸ್ಸು ಅಚಲವೆಂದು ಭಾವಿಸಿದ್ದೇ ಕೊರತೆಯ ಮೂಲ. ವಾಸ್ತವದಲ್ಲಿ ಎರಡೂ ತಮ್ಮ ಸಾಮಾನ್ಯ ದ್ರವ್ಯಕೇಂದ್ರವನ್ನು ಸುತ್ತುತ್ತವೆ. ಆದ್ದರಿಂದ ಎಲೆಕ್ಟ್ರಾನಿನ ದ್ರವ್ಯರಾಶಿಯ ಬದಲು, ಎರಡರ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿ ಬರುವ, ತುಸು ತಗ್ಗಿದ ದ್ರವ್ಯರಾಶಿಯನ್ನು ಬಳಸಬೇಕು. ಜಲಜನಕದ ನ್ಯೂಕ್ಲಿಯಸ್ಸು ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ, ಹೀಲಿಯಮ್ಮಿನದು ಅದರ ಸುಮಾರು ನಾಲ್ಕು ಪಟ್ಟು. ಹಾಗಾಗಿ ತಿದ್ದುಪಡಿ ಜಲಜನಕದಲ್ಲಿ ಹೆಚ್ಚು. ಹೊಸ ಲೆಕ್ಕದ ಉತ್ತರ 4.00163! ಆಕ್ಷೇಪವೇ ಸಿದ್ಧಾಂತಕ್ಕೆ ಆಧಾರವಾಯಿತು.

1922ರಲ್ಲಿ ಬೋರ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಹಲವು ಎಲೆಕ್ಟ್ರಾನುಗಳ ಪರಮಾಣುಗಳನ್ನು ಅವರ ಮಾದರಿ ವಿವರಿಸಲಾರದೆ, 1925ರ ನಂತರ ಕ್ವಾಂಟಂ ಯಂತ್ರಶಾಸ್ತ್ರಕ್ಕೆ ಸ್ಥಾನ ಬಿಟ್ಟುಕೊಟ್ಟಿತು. ಆದರೆ ದ್ರವ್ಯರಾಶಿಯ ಆ ತಿದ್ದುಪಡಿ ಉಳಿಯಿತು. ಅದರಿಂದಾಗುವ ರೇಖೆಗಳ ಸೂಕ್ಷ್ಮ ಸ್ಥಳಾಂತರದಿಂದಲೇ 1931ರಲ್ಲಿ ಹೆರಾಲ್ಡ್ ಯೂರಿ ಭಾರಜಲಜನಕವನ್ನು ಪತ್ತೆಹಚ್ಚಿದರು.

ನಾಜಿಗಳ ಬಂಧನದಿಂದ ಪಾರಾಗಲು 1943ರಲ್ಲಿ ದೇಶ ತೊರೆದಿದ್ದ ಬೋರ್, ಯುದ್ಧಾನಂತರ ಕೋಪನ್‌ಹೇಗನ್‌ಗೆ ಮರಳಿ, 1962ರ ನವೆಂಬರ್ 18ರಂದು ಅಲ್ಲಿಯೇ ಕೊನೆಯುಸಿರೆಳೆದರು.