ರೇಷ್ಮೆ ಬಿಟ್ಟು ಸೈಕಲ್ ಹಿಡಿದ ವೆಲೋಸಿಯೊ

ಗೇರ್ ಸೈಕಲ್ ಓಡಿಸುವವರಿಗೆ ಡಿರೇಲರ್ ಎಂದರೆ ಗೊತ್ತು. ಹಿಂದಿನ ಚಕ್ರದ ಪಕ್ಕದಲ್ಲಿ ಜೋತುಬಿದ್ದಿರುವ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ಸಾಧನ. ಪದ ಫ್ರೆಂಚಿನದು, ಹಳಿ ತಪ್ಪಿಸುವಂಥದ್ದು ಎಂದು ಅರ್ಥ. ಚೈನ್ ಕಳಚಿತೆಂದರೆ ದಾರಿ ಬದಿಯಲ್ಲಿ ಕೂತು ಕೈಯೆಲ್ಲ ಗ್ರೀಸ್ ಮಾಡಿಕೊಳ್ಳುವ ನಮಗೆ, ಬೇಕೆಂದೇ ಚೈನ್ ಕಳಚುವ ಯಂತ್ರವೊಂದನ್ನು ಮಾಡಿದವರು ಯಾರು ಎಂಬ ಕುತೂಹಲ ಸಹಜ. ಒಬ್ಬರೇ ಮಾಡಿದ್ದಲ್ಲ. ಆದರೆ ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ಜಗಳವಾಡಿದವರು, ಹೆಚ್ಚು ಬರೆದವರು, ಹೆಚ್ಚು ಬೆಟ್ಟ ಹತ್ತಿದವರು ಒಬ್ಬರಿದ್ದಾರೆ. ಹೆಸರು ಪಾಲ್ ದ ವಿವಿ. ಓದುಗರಿಗೆ ಅವರು ಗೊತ್ತಿದ್ದದ್ದು ವೆಲೋಸಿಯೊ ಎಂಬ ಕಾವ್ಯನಾಮದಿಂದ.

ಅವರ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಸೈಕಲ್‌ಗಿಂತ ರೇಷ್ಮೆಯಿಂದ. ನಮ್ಮದು ಶಿಡ್ಲಘಟ್ಟ. ಮನೆಯಲ್ಲಿ ನೂಲು ಬಿಚ್ಚಾಣಿಕೆ ಕೆಲಸ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಪರೀಕ್ಷೆ ಮೇಲೆ ಪರೀಕ್ಷೆ ಬರೆಯುತ್ತಿರುವ ನನಗೆ ಗೂಡಿನ ರೇಟು, ನೂಲಿನ ರೇಟು ಎರಡೂ ದಿನಾ ಕಿವಿಗೆ ಬೀಳುತ್ತವೆ. ನಡೆಯುತ್ತಿರುವ ರೇಷ್ಮೆ ವ್ಯಾಪಾರವನ್ನು ಮಾರಿ ಸೈಕಲ್ ಅಂಗಡಿ ಇಟ್ಟ ಮನುಷ್ಯನ ಕಥೆ ಎಂದಾಗ ಓದದೆ ಇರಲಾಗಲಿಲ್ಲ.

ಪಾಲ್ ದ ವಿವಿ ಹುಟ್ಟಿದ್ದು 1853ರ ಏಪ್ರಿಲ್ 29ರಂದು, ದಕ್ಷಿಣ ಫ್ರಾನ್ಸಿನ ವೊಕ್ಲೂಸ್ ಸೀಮೆಯ ಪೆರ್ನ್ ಎಂಬ ಸಣ್ಣ ಊರಿನಲ್ಲಿ. ಆ ದಶಕದಲ್ಲೇ ದಕ್ಷಿಣ ಫ್ರಾನ್ಸಿನ ರೇಷ್ಮೆ ಹುಳುಗಳಿಗೆ ಪೆಬ್ರಿನ್ ರೋಗ ಬಡಿಯಿತು. ಊರೂರೇ ಗೂಡಿಲ್ಲದೆ ಕೂತವು. 1865ರಲ್ಲಿ ಲೂಯಿ ಪಾಶ್ಚರ್ ಅಲೆಸ್ ಎಂಬ ಊರಿಗೆ ಬಂದು ವರ್ಷಗಟ್ಟಲೆ ಅದೇ ರೋಗದ ಹಿಂದೆ ಬಿದ್ದರು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದಿದ್ದರೆ ಮಾತ್ರ ಅದರ ಮೊಟ್ಟೆ ಇಟ್ಟುಕೊಳ್ಳುವ ಪದ್ಧತಿ ಅಲ್ಲಿಂದ ಬಂದದ್ದು. ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ನಡೆಯುವುದು ಅದೇ. ಅಂಥ ಕಾಲದಲ್ಲಿ ಬೆಳೆದ ಹುಡುಗ ಮುಂದೆ ರೇಷ್ಮೆ ವ್ಯಾಪಾರಕ್ಕೇ ಇಳಿದು, ಸಾಂತ್ ಎತಿಯನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ ನೆಲೆ ನಿಂತರು. ಕಲ್ಲಿದ್ದಲು, ಬಂದೂಕು, ರೇಷ್ಮೆ ರಿಬ್ಬನ್ ಆ ಊರಿನ ಕಸುಬುಗಳು. ಒಳ್ಳೆಯ ಓದು, ಲ್ಯಾಟಿನ್ ಗ್ರೀಕ್ ಬಲ್ಲವರು, ಸಂಸಾರಸ್ಥರು. ಮೂವತ್ತರ ಹತ್ತಿರ ಬರುವ ಹೊತ್ತಿಗೆ ಜೀವನ ಒಂದು ದಡ ಸೇರಿತ್ತು.

1881ರಲ್ಲಿ ಅವರು ಒಂದು ಸೈಕಲ್ ಕೊಂಡರು. ಮುಂದೆ ಆಳೆತ್ತರದ ಚಕ್ರ, ಹಿಂದೆ ಚಿಕ್ಕದು, ಚೈನೇ ಇಲ್ಲ. ಹಳೆಯ ಚಿತ್ರಗಳಲ್ಲಿ ನೀವು ನೋಡಿರುತ್ತೀರಿ. ಪೆಡಲ್ ಒಂದು ಸುತ್ತು ತಿರುಗಿದರೆ ದೊಡ್ಡ ಚಕ್ರವೂ ಒಂದೇ ಸುತ್ತು. ಅದಕ್ಕೇ ಚಕ್ರ ಅಷ್ಟು ದೊಡ್ಡದು. ಬಿದ್ದರೆ ತಲೆ ಕೆಳಗಾಗಿಯೇ ಬೀಳಬೇಕು. ಆರು ಗಂಟೆಯಲ್ಲಿ 100 ಕಿ.ಮೀ. ಹೋಗುತ್ತೇನೆಂದು ಪಂಥ ಕಟ್ಟಿ, ಬೆಟ್ಟದ ಊರಾದ ಶೇಸ್ ದ್ಯೂ ಕಡೆಗೆ ತುಳಿದರು ಎಂದು ಅವರ ಕಥೆ ಬರೆದವರು ಹೇಳುತ್ತಾರೆ. ಪಂಥಕ್ಕಿಂತ ಆ ದಾರಿ ಅವರನ್ನು ಹಿಡಿದುಕೊಂಡಿತು. ಹುಲ್ಲುಗಾವಲು, ಪೈನ್ ಕಾಡು, ಹಳ್ಳಿ, ಹೆಚ್ಚೆಂದರೆ ಎದುರಿಗೊಂದು ಕುದುರೆ ಗಾಡಿ. ಮೋಟಾರು ಕಾರು ಇನ್ನೂ ರಸ್ತೆಗೆ ಬಂದಿರಲಿಲ್ಲ. ರೈಲು ಬಂದ ಮೇಲೆ ದೂರದ ಹೆದ್ದಾರಿಗಳು ಖಾಲಿಯಾಗಿ, ಹಳ್ಳಿಗಾಡಿನ ರಸ್ತೆಗಳು ನಿದ್ದೆ ಹೋಗಿದ್ದ ಕಾಲ ಅದು.

ವ್ಯಾಪಾರದ ಮೇಲೆ ಅವರು ಇಂಗ್ಲೆಂಡಿಗೆ ಹೋಗಿ ಬರುತ್ತಿದ್ದರು. ಅಲ್ಲಿನ ಕೊವೆಂಟ್ರಿಯದ್ದೂ ರಿಬ್ಬನ್ ನೇಯುವ ಊರಿನ ಕಥೆಯೇ. ರಿಬ್ಬನ್ ಕಸುಬು ಬಿದ್ದುಹೋದ ಮೇಲೆ ಅಲ್ಲಿನ ಜನ ಹೊಲಿಗೆ ಯಂತ್ರ ಮಾಡಿದರು, ಆಮೇಲೆ ಸೈಕಲ್ ಮಾಡಿದರು. ಒಂದು ಕಸುಬು ಮುಳುಗಿ ಇನ್ನೊಂದು ಏಳುವುದನ್ನು ರೇಷ್ಮೆ ವ್ಯಾಪಾರಿಯಾಗಿ ಅವರು ಕಣ್ಣಾರೆ ಕಂಡರು. 1887ರಲ್ಲಿ, 34ನೇ ವಯಸ್ಸಿನಲ್ಲಿ, ರೇಷ್ಮೆ ವ್ಯವಹಾರ ಮಾರಿ ಸಾಂತ್ ಎತಿಯನ್‌ನಲ್ಲಿ ಸೈಕಲ್ ಅಂಗಡಿ ತೆರೆದರು. ಕೊವೆಂಟ್ರಿಯಿಂದ ಸೈಕಲ್ ತರಿಸಿ ಮಾರತೊಡಗಿದರು. ಅದೇ ವರ್ಷ ಒಂದು ಪತ್ರಿಕೆಯನ್ನೂ ಶುರು ಮಾಡಿದರು. ಮುಂದೆ ಅದರ ಹೆಸರು ಲ ಸಿಕ್ಲಿಸ್ಟ್ ಎಂದಾಯಿತು.

ಇಲ್ಲಿ ಒಂದು ಮಾತು. ಇಂಥ ಕಥೆಗಳನ್ನು ಹೇಳುವಾಗ ಎಲ್ಲ ಬಿಟ್ಟು ಕನಸಿನ ಹಿಂದೆ ಹೊರಟರು ಎಂದು ಹೇಳಿಬಿಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲ ಸೈಕಲ್ ಕೊಂಡದ್ದಕ್ಕೂ ರೇಷ್ಮೆ ಬಿಟ್ಟದ್ದಕ್ಕೂ ನಡುವೆ ಆರು ವರ್ಷ ಇದೆ. ಕೈಯಲ್ಲಿ ಬಂಡವಾಳ ಇತ್ತು, ಇಂಗ್ಲೆಂಡಿನ ಪರಿಚಯ ಇತ್ತು, ವ್ಯಾಪಾರದ ಲೆಕ್ಕ ಗೊತ್ತಿತ್ತು. ಆದರೂ ಹೆಂಡತಿ ಮಕ್ಕಳನ್ನು ಇಟ್ಟುಕೊಂಡು, ನಡೆಯುತ್ತಿರುವ ಅಂಗಡಿಯ ಬಾಗಿಲು ಹಾಕುವುದು ಸುಲಭವಲ್ಲ. ಮುಂದೆ ಅವರು ಶ್ರೀಮಂತರಾಗಲೂ ಇಲ್ಲ.

1889ರಲ್ಲಿ ಗೋಲ್ವಾಸ್ ಎಂಬ ಹೆಸರಿನ ತಮ್ಮದೇ ಸೈಕಲ್ ಹೊರತಂದರು. ಈಗಿನಂತೆ ಎರಡೂ ಚಕ್ರ ಒಂದೇ ಅಳತೆ, ನಡುವೆ ಚೈನ್. ಆದರೆ ಗೇರ್ ಒಂದೇ. ಸಾಂತ್ ಎತಿಯನ್‌ನಿಂದ ದಕ್ಷಿಣಕ್ಕೆ ಹೊರಟರೆ ಊರು ಮುಗಿಯುವಷ್ಟರಲ್ಲಿ ಏರು ಶುರು. ಮೇಲೆ 1161 ಮೀಟರ್ ಎತ್ತರದಲ್ಲಿ ಕೊಲ್ ದ ಲಾ ರೆಪ್ಯುಬ್ಲಿಕ್ ಎಂಬ ಕಣಿವೆ ದಾರಿ. ಹನ್ನೆರಡು ಕಿಲೋಮೀಟರಿನಷ್ಟು ಉದ್ದಕ್ಕೆ ಹತ್ತುತ್ತಲೇ ಇರಬೇಕು. ಒಂದೇ ಗೇರಿನ ಸರ್ಕಾರಿ ಸೈಕಲ್‌ನಲ್ಲಿ ನಂದಿ ಬೆಟ್ಟದ ತಿರುವು ಹತ್ತಿದವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಏರಿಗೆ ಹೊಂದುವ ಹಲ್ಲುಚಕ್ರ ಹಾಕಿದರೆ ಸಮತಟ್ಟಿನಲ್ಲಿ ಕಾಲು ಗಾಳಿಯಲ್ಲಿ ತಿರುಗಿದಂತಾಗುತ್ತದೆ. ಸಮತಟ್ಟಿಗೆ ಹೊಂದುವುದನ್ನು ಹಾಕಿದರೆ ಏರಿನಲ್ಲಿ ಮೊಣಕಾಲು ಕಿತ್ತು ಬರುತ್ತದೆ. ಎರಡೂ ಬೇಕು ಎಂದು ವೆಲೋಸಿಯೊ ಹಟ ಹಿಡಿದರು.

ಮೊದಲು ಎರಡು ಹಲ್ಲುಚಕ್ರ ಇಟ್ಟು, ಏರು ಬಂದಾಗ ಇಳಿದು ಚೈನನ್ನು ಕೈಯಿಂದಲೇ ಎತ್ತಿ ಬದಲಿಸುವುದು. ಆಮೇಲೆ ಸೈಕಲ್ಲಿನ ಎರಡೂ ಬದಿಗೆ ಒಂದೊಂದು ಚೈನ್. ನಂತರ, ತುಳಿಯುತ್ತಿರುವಾಗಲೇ ಚೈನನ್ನು ತಳ್ಳುವ ಸಾಧನ. ತಾವು ಕಂಡುಕೊಂಡದ್ದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಪತ್ರಿಕೆಯಲ್ಲಿ ವಿವರವಾಗಿ ಬರೆದುಬಿಡುತ್ತಿದ್ದರು. ಪೇಟೆಂಟ್ ಗೋಜಿಗೆ ಹೋಗಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ, ಇನ್ನೂ ಚೆನ್ನಾಗಿ ಮಾಡಲಿ ಎಂಬ ಧೋರಣೆ. ಇಂದು ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಡುವ ಗೆಳೆಯರಿದ್ದಾರಲ್ಲ, ಆ ಜಾತಿಯವರು.

ಆದರೆ ಎದುರಾಳಿ ಸಣ್ಣವರಲ್ಲ. 1903ರಲ್ಲಿ ಟೂರ್ ದ ಫ್ರಾನ್ಸ್ ಆರಂಭಿಸಿದ ಆನ್ರಿ ದೆಗ್ರಾಂಜ್ ಅವರಿಗೆ ಗೇರ್ ಎಂದರೆ ಆಗುತ್ತಿರಲಿಲ್ಲ. ಗೆಲ್ಲಬೇಕಾದದ್ದು ಮನುಷ್ಯನ ಸ್ನಾಯು, ಯಂತ್ರದ ಕುಶಲತೆಯಲ್ಲ ಎಂಬುದು ಅವರ ವಾದ. ಗೇರ್ ಏನಿದ್ದರೂ 45 ದಾಟಿದವರಿಗೆ ಎಂದು ಗೇಲಿ ಮಾಡಿದರು. ಅದಕ್ಕೆ ಮುಂಚೆ, 1902ರಲ್ಲೇ, ಟೂರಿಂಗ್ ಕ್ಲಬ್ ದ ಫ್ರಾನ್ಸ್ ಬೆಟ್ಟದ ದಾರಿಯಲ್ಲಿ ಒಂದು ಪರೀಕ್ಷೆ ಇಟ್ಟಿತ್ತು. ಗೋಲ್ವಾಸ್ ಕಂಪನಿಯ ಗೇರ್ ಸೈಕಲ್ ಹಿಡಿದು ಮಾರ್ತ್ ಹೆಸ್ ಎಂಬ ಮಹಿಳೆ ಹೊರಟರು. ಒಂದೇ ಗೇರಿನ ಗಟ್ಟಿ ಸವಾರರು ಇಳಿದು ತಳ್ಳಿಕೊಂಡು ಹೋದ ಕಡೆ ಆಕೆ ಕೂತೇ ಹತ್ತಿದರು. ವಾದ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಟೂರ್ ದ ಫ್ರಾನ್ಸ್‌ನಲ್ಲಿ ಎಲ್ಲರಿಗೂ ಡಿರೇಲರ್ ಬಳಸಲು ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೋಸಿಯೊ ತೀರಿಕೊಂಡು ಆಗಲೇ ಏಳು ವರ್ಷ.

ಪಂದ್ಯ ಗೆಲ್ಲುವುದು ವೆಲೋಸಿಯೊಗೆ ಬೇಕಾಗಿಯೇ ಇರಲಿಲ್ಲ, ಅವರಿಗೆ ಬೇಕಾದದ್ದು ಊರು ನೋಡುವುದು. ಸಂಜೆ ಸಾಂತ್ ಎತಿಯನ್ ಬಿಟ್ಟರೆ ಕಣಿವೆ ದಾರಿ ಹತ್ತಿ, ಆಚೆ ಕಡೆ ರೋನ್ ನದಿಯ ಬಯಲಿಗೆ ಇಳಿದು, ರಾತ್ರಿಯಿಡೀ ನದಿಯ ಜೊತೆ ದಕ್ಷಿಣಕ್ಕೆ ತುಳಿಯುವುದು. ಅದೃಷ್ಟ ಇದ್ದರೆ ಬೆನ್ನಿಗೆ ಮಿಸ್ತ್ರಾಲ್ ಎಂಬ ಉತ್ತರದ ಗಾಳಿ. ಬೆಳಗಾಗುವುದು ಆಲಿವ್ ಮರಗಳ ಪ್ರೊವೆನ್ಸ್ ಸೀಮೆಯಲ್ಲಿ, ಅಂದರೆ ತವರಿನಲ್ಲಿ. 200 ಕಿ.ಮೀ. ದಾಟಿರುತ್ತದೆ. ಈಸ್ಟರ್ ಹಬ್ಬಕ್ಕೆ ಹೀಗೆ ಶಿಷ್ಯರನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಅಲ್ಲೆಲ್ಲ ಸೈಕಲ್ ಸವಾರರು ಸೇರುವುದು ಒಂದು ಜಾತ್ರೆಯೇ ಆಯಿತು. ಹಿಂತಿರುಗಿ ಬಂದು ದಾರಿಯ ಏರು, ಇಳಿತ, ಗೇರಿನ ಲೆಕ್ಕ, ತಿಂದದ್ದು, ಮಲಗಿದ್ದು ಎಲ್ಲವನ್ನೂ ಪತ್ರಿಕೆಗೆ ಬರೆಯುವುದು. ಓದಿದವರು ಅದೇ ದಾರಿ ಹಿಡಿಯುವುದು.

ಮಾಂಸ ಬಿಟ್ಟಿದ್ದರು. ಅನ್ನ, ಹಣ್ಣು, ಹಾಲು, ಮೊಟ್ಟೆ ಇವರ ದಾರಿಬುತ್ತಿ. ಎಸ್ಪರಾಂಟೊ ಭಾಷೆಯ ಹುಚ್ಚು ಬೇರೆ. ದೂರ ಹೋಗುವವರಿಗೆ ಅವರು ಹಾಕಿಕೊಟ್ಟ ನಿಯಮಗಳು ಈಗಲೂ ಓಡಾಡುತ್ತಿವೆ: ಹಸಿವಾಗುವ ಮುಂಚೆ ತಿನ್ನು, ಬಾಯಾರುವ ಮುಂಚೆ ಕುಡಿ, ಸುಸ್ತಾಗಿ ಬೀಳುವವರೆಗೆ ತುಳಿಯಬೇಡ, ಸವಾರಿಯಲ್ಲಿ ಮದ್ಯ ಹೊಗೆಸೊಪ್ಪು ಬೇಡ, ಹೀಗೆ. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕೊನೆಯದು, ಜಂಬಕ್ಕಾಗಿ ತುಳಿಯಬಾರದು ಎನ್ನುವುದು. ಪ್ರತಿ ಕಿಲೋಮೀಟರನ್ನೂ ಫೋನಿನಲ್ಲಿ ದಾಖಲಿಸಿ ಸ್ಟೇಟಸ್ ಹಾಕುವ ನಮ್ಮ ಗುಂಪಿನಲ್ಲಿ ಇದನ್ನು ಹೇಳಿದಾಗ ಯಾರೂ ಉತ್ತರ ಕೊಡಲಿಲ್ಲ, ಬರೀ ನಗುವ ಚಿಹ್ನೆಗಳು ಬಂದವು.

1922ರಿಂದ ಸಾಂತ್ ಎತಿಯನ್ನಿನ ಜನ ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ಒಂದು ದಿನ ಆಚರಿಸತೊಡಗಿದರು. ಭಾಷಣಕ್ಕಿಂತ ಮುಖ್ಯ ಎಲ್ಲರೂ ಸೇರಿ ಆ ಕಣಿವೆ ದಾರಿ ಹತ್ತುವುದು. ಈಗ ಮೇಲೆ ಅವರ ಸ್ಮಾರಕವೂ ಇದೆ. ಬದುಕಿರುವಾಗಲೇ ಹೀಗೆ ಗೌರವ ಕಂಡವರು ಕಡಿಮೆ.

ಸಾವು ಬಂದದ್ದು 1930ರ ಫೆಬ್ರುವರಿ 27ರಂದು, ಸಾಂತ್ ಎತಿಯನ್ನಿನ ಬೀದಿಯಲ್ಲೇ. ವಯಸ್ಸು 76. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಕಾರೊಂದನ್ನು ತಪ್ಪಿಸಿಕೊಳ್ಳಲು ಹಿಂದೆ ಸರಿದು ಟ್ರಾಮಿಗೆ ಸಿಕ್ಕಿಬಿದ್ದರು. ಅರ್ಧ ಶತಮಾನ ಖಾಲಿ ರಸ್ತೆಗಳಲ್ಲಿ ಹಗಲು ರಾತ್ರಿ ತಿರುಗಿದವರು, ಕತ್ತಲಲ್ಲಿ ಬೆಟ್ಟ ಇಳಿದವರು, ಊರ ಮಧ್ಯದ ವಾಹನಗಳ ನಡುವೆ ಹೋದರು. ಓದುವಾಗ ನನಗೆ ಇಲ್ಲಿ ಸ್ವಲ್ಪ ಹೊತ್ತು ಮುಂದೆ ಹೋಗಲಾಗಲಿಲ್ಲ.

ಆರು ವರ್ಷದ ಬಳಿಕ, 1936ರಲ್ಲಿ, ಫ್ರಾನ್ಸಿನ ಕಾರ್ಮಿಕರಿಗೆ ಮೊದಲ ಸಲ ಎರಡು ವಾರದ ಸಂಬಳ ಸಹಿತ ರಜೆ ಕಾನೂನಾಗಿ ಬಂತು. ಆ ಬೇಸಿಗೆಯಲ್ಲಿ ಎಷ್ಟೋ ಜನ ಸೈಕಲ್ ಮೇಲೆ, ಇಬ್ಬರು ತುಳಿಯುವ ಟ್ಯಾಂಡೆಮ್ ಮೇಲೆ ಹಳ್ಳಿಗಾಡಿಗೆ ಹೊರಟರು. ಯುದ್ಧ ಮುಗಿದ ಮೇಲೆ ಕಾರುಗಳು ಆ ರಸ್ತೆಗಳನ್ನೂ ತುಂಬಿದವು. ಈಗ ಅಲ್ಲಿನವರು ಬೇರೆ ದಾರಿ ಮಾಡಿಕೊಂಡಿದ್ದಾರೆ. ಮುಚ್ಚಿಹೋದ ಸಣ್ಣ ರೈಲು ಮಾರ್ಗಗಳ ಹಳಿ ಕಿತ್ತು, ಕಾಲುವೆ ಏರಿಗಳನ್ನು ಸಮ ಮಾಡಿ, ಮೋಟಾರು ವಾಹನ ಬಾರದ ಹಸಿರು ದಾರಿಗಳನ್ನು ಹಾಕಿದ್ದಾರೆ. 2004ರಲ್ಲಿ ಸಂಚಾರ ನಿಯಮದಲ್ಲೇ ಅವುಗಳಿಗೆ ಸ್ಥಾನ ಸಿಕ್ಕಿತು. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಹಳೆಯ ರೈಲು ದಾರಿಯಲ್ಲಿ ಮಕ್ಕಳೂ ಮುದುಕರೂ ಸುಲಭವಾಗಿ ತುಳಿಯುತ್ತಾರೆ. ವೆಲೋಸಿಯೊ ರಾತ್ರಿ ಹಿಡಿಯುತ್ತಿದ್ದ ರೋನ್ ಕಣಿವೆಯಲ್ಲಿ ಜಿನೀವಾ ಸರೋವರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ 800 ಕಿ.ಮೀ.ಗೂ ಉದ್ದದ ವಿಯಾ ರೋನಾ ಸೈಕಲ್ ಮಾರ್ಗ ಇದೆ. ನಕಾಶೆಯಲ್ಲಿ ಅದನ್ನೇ ಬೆರಳಲ್ಲಿ ಹಿಡಿದು ಇಳಿಯುತ್ತಾ ಪೆರ್ನ್ ಹುಡುಕಿದೆ. ಅಲ್ಲಿಯೂ ಒಂದು ಹಳೆಯ ರೈಲು ದಾರಿ ಸೈಕಲ್ ಪಾಲಾಗಿದೆ, ಹೆಸರು ವಿಯಾ ವೆನೆಸ್ಸಿಯಾ. ಕಾರ್ಪಂತ್ರಾ ಕಡೆಯ ದ್ರಾಕ್ಷಿ, ಚೆರ್ರಿ ತೋಟಗಳ ನಡುವೆ, ಅವರು ಹುಟ್ಟಿದ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ.