ಡಂಕನ್ ಎಡ್ವರ್ಡ್ಸ್: 21ನೇ ವಯಸ್ಸಿಗೇ ಮುಗಿದ ಫುಟ್ಬಾಲ್ ಬದುಕು

1958ರ ಫೆಬ್ರವರಿ 6ರ ಸಂಜೆ. ಮ್ಯಾಂಚೆಸ್ಟರ್‌ನಲ್ಲಿ ಡಂಕನ್ ಎಡ್ವರ್ಡ್ಸ್ ಬಾಡಿಗೆಗಿದ್ದ ಮನೆಯ ಒಡತಿಗೆ ಟೆಲಿಗ್ರಾಂ ಬಂತು. ವಿಮಾನ ರದ್ದಾಗಿದೆ, ನಾಳೆ ಹೊರಡುತ್ತೇನೆ ಎಂಬುದಷ್ಟೇ ಅದರಲ್ಲಿದ್ದ ಸುದ್ದಿ. ಆದರೆ ಅದು ಕೈಸೇರುವ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನ ಜರ್ಮನಿಯ ಮ್ಯೂನಿಕ್‌ನಲ್ಲಿ ರನ್‌ವೇ ದಾಟಿ, ಮನೆಯೊಂದಕ್ಕೆ ಬಡಿದು ಛಿದ್ರವಾಗಿತ್ತು.

ಎಡ್ವರ್ಡ್ಸ್ ಹುಟ್ಟಿದ್ದು 1936ರ ಅಕ್ಟೋಬರ್ 1ರಂದು, ಇಂಗ್ಲೆಂಡ್‌ನ ಡಡ್ಲಿ ಎಂಬ ಕೈಗಾರಿಕಾ ಪಟ್ಟಣದಲ್ಲಿ. ಮನೆಗೆ ಹತ್ತಿರವಿದ್ದ ದೊಡ್ಡ ಕ್ಲಬ್ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್‌ಗೂ ಈ ಹುಡುಗ ಬೇಕಿತ್ತು. ಆತ ಮಾತ್ರ ದೂರದ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ. 1953ರ ಏಪ್ರಿಲ್‌ನಲ್ಲಿ ಕಾರ್ಡಿಫ್ ಸಿಟಿ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದಾಗ ವಯಸ್ಸು 16. ಆ ಪಂದ್ಯವನ್ನು ಯುನೈಟೆಡ್ 4-1ರಿಂದ ಸೋತಿತು!

ಎರಡೇ ವರ್ಷಕ್ಕೆ ಇಂಗ್ಲೆಂಡ್ ತಂಡದಿಂದ ಕರೆ ಬಂತು. 1955ರ ಏಪ್ರಿಲ್ 2ರಂದು ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ 7-2ರಿಂದ ಗೆದ್ದ ಪಂದ್ಯದಲ್ಲಿ ಆತ ಆಡಿದ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡ್ ಪರ ಕಣಕ್ಕಿಳಿದ ಅತಿ ಕಿರಿಯ ಆಟಗಾರ ಎಂಬ ದಾಖಲೆ 1998ರಲ್ಲಿ ಮೈಕೆಲ್ ಓವನ್ ಬರುವವರೆಗೂ ಎಡ್ವರ್ಡ್ಸ್ ಹೆಸರಲ್ಲೇ ಇತ್ತು.

ಆತನ ಜಾಗ ಲೆಫ್ಟ್ ಹಾಫ್. ಆದರೆ ಗಟ್ಟಿಮುಟ್ಟಾದ ಮೈಕಟ್ಟು, ಎರಡೂ ಕಾಲಲ್ಲಿ ಒದೆಯುವ ಶಕ್ತಿ ಇದ್ದುದರಿಂದ ರಕ್ಷಣೆಗೂ ಸೈ, ದಾಳಿಗೂ ಸೈ. ಕಡ್ಡಾಯ ಸೇನಾ ಸೇವೆಯ ಎರಡು ವರ್ಷಗಳಲ್ಲೂ ಆಟ ಬಿಡಲಿಲ್ಲ. ಸೇನೆಯ ತಂಡ, ಕ್ಲಬ್, ದೇಶ ಎಂದು ಮೂರು ಕಡೆಯೂ ಓಡಾಡಿ ಆಡಿದ. ಇಂದಿನ ಕೋಚ್‌ಗಳು ಕೇಳಿದರೆ ಬೆಚ್ಚಿಬೀಳುವಷ್ಟು ಪಂದ್ಯಗಳವು. ಮ್ಯಾಟ್ ಬಸ್ಬಿ ಕಟ್ಟಿದ ಆ ಎಳೆಯರ ತಂಡ 1956 ಮತ್ತು 1957ರಲ್ಲಿ ಸತತವಾಗಿ ಲೀಗ್ ಗೆದ್ದಿತು.

1958ರ ಫೆಬ್ರವರಿ 5ರಂದು ಬೆಲ್‌ಗ್ರೇಡ್‌ನಲ್ಲಿ ರೆಡ್ ಸ್ಟಾರ್ ವಿರುದ್ಧ 3-3 ಡ್ರಾ ಸಾಧಿಸಿ ಯುರೋಪಿಯನ್ ಕಪ್ ಸೆಮಿಫೈನಲ್ ತಲುಪಿದ ತಂಡ ಮರುದಿನ ಊರಿಗೆ ಹೊರಟಿತ್ತು. ಇಂಧನಕ್ಕಾಗಿ ಮ್ಯೂನಿಕ್‌ನಲ್ಲಿ ಇಳಿಯಿತು. ಎರಡು ಬಾರಿ ಮೇಲೇರಲು ಯತ್ನಿಸಿ ವಿಫಲವಾದ ವಿಮಾನ, ಮೂರನೇ ಯತ್ನದಲ್ಲಿ ರನ್‌ವೇ ಮೇಲಿನ ಹಿಮಗೆಸರಿನಿಂದಾಗಿ ಬೇಕಾದ ವೇಗ ಪಡೆಯಲಿಲ್ಲ. ದುರಂತದಲ್ಲಿ ಒಟ್ಟು 23 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 8 ಮಂದಿ ಯುನೈಟೆಡ್ ಆಟಗಾರರು.

ಎಡ್ವರ್ಡ್ಸ್ ತಕ್ಷಣ ಸಾಯಲಿಲ್ಲ. ಕಾಲು, ಪಕ್ಕೆಲುಬು ಮುರಿದಿದ್ದವು. ಮೂತ್ರಪಿಂಡಗಳಿಗೆ ತೀವ್ರ ಹಾನಿಯಾಗಿತ್ತು. ಬದುಕಿದರೂ ಮತ್ತೆ ಆಡುವುದು ಅನುಮಾನ ಎಂದು ವೈದ್ಯರು ಭಾವಿಸಿದ್ದರು. ರಕ್ತ ಶುದ್ಧೀಕರಿಸಲು ಕೃತಕ ಮೂತ್ರಪಿಂಡ ಯಂತ್ರ ತರಿಸಲಾಯಿತು. ಇಷ್ಟು ಪೆಟ್ಟು ತಿಂದ ದೇಹ ಇಷ್ಟು ದಿನ ತಡೆದುಕೊಂಡಿದ್ದೇ ವೈದ್ಯರಿಗೆ ಅಚ್ಚರಿ.

ವೇಲ್ಸ್ ತಂಡದ ಹೊಣೆಯೂ ಇದ್ದ ಕಾರಣ ಸಹಾಯಕ ಮ್ಯಾನೇಜರ್ ಜಿಮ್ಮಿ ಮರ್ಫಿ ಬೆಲ್‌ಗ್ರೇಡ್‌ಗೆ ಹೋಗಿರಲಿಲ್ಲ, ಹಾಗಾಗಿ ಉಳಿದುಕೊಂಡಿದ್ದರು. ಅವರು ಆಸ್ಪತ್ರೆಯ ಹಾಸಿಗೆ ಬಳಿ ಬಂದಾಗ ಎಡ್ವರ್ಡ್ಸ್ ಕೇಳಿದ್ದು ತನ್ನ ಕಾಲಿನ ಬಗ್ಗೆಯಲ್ಲ, ಶನಿವಾರ ವುಲ್ವ್ಸ್ ವಿರುದ್ಧದ ಪಂದ್ಯ ಎಷ್ಟು ಹೊತ್ತಿಗೆ ಶುರು ಎಂದು. ತಾನು ಅದನ್ನು ತಪ್ಪಿಸಿಕೊಳ್ಳಬಾರದು ಎಂಬ ಆತಂಕ ಆತನಿಗೆ.

ಅಪಘಾತವಾದ 15 ದಿನಗಳ ಬಳಿಕ, ಫೆಬ್ರವರಿ 21ರ ನಸುಕಿನಲ್ಲಿ ಆತ ಕೊನೆಯುಸಿರೆಳೆದ. ಯುನೈಟೆಡ್ ಪರ 177 ಪಂದ್ಯ, ಇಂಗ್ಲೆಂಡ್ ಪರ 18. ಅದೇ ವಿಮಾನದಲ್ಲಿದ್ದು ಬದುಕುಳಿದ ಬಾಬಿ ಚಾರ್ಲ್ಟನ್ ಮುಂದೆ 1966ರಲ್ಲಿ ವಿಶ್ವಕಪ್ ಗೆದ್ದರು. ಆದರೂ ಎಡ್ವರ್ಡ್ಸ್‌ನಂಥ ಆಟಗಾರನನ್ನು ಕಾಣಲಿಲ್ಲ ಎಂದೇ ಕೊನೆತನಕ ನಂಬಿದ್ದರು.

ಡಡ್ಲಿಯ ಸೇಂಟ್ ಫ್ರಾನ್ಸಿಸ್ ಚರ್ಚ್‌ನ ಬಣ್ಣದ ಗಾಜಿನ ಕಿಟಕಿಯಲ್ಲಿ ಎಡ್ವರ್ಡ್ಸ್ ಇಂದಿಗೂ ಫುಟ್ಬಾಲ್ ಜೆರ್ಸಿಯಲ್ಲೇ ಇದ್ದಾನೆ. 1961ರಲ್ಲಿ ಅದನ್ನು ಅನಾವರಣ ಮಾಡಿದವರು ಮ್ಯಾಟ್ ಬಸ್ಬಿ.