ನಕ್ಷತ್ರಿಕನಿಗೊಬ್ಬ ಹರಿಶ್ಚಂದ್ರ ಬೇಕು

ನಮ್ಮ ಗುಂಡ್ಲುಪೇಟೆ ಕಡೆ ಬಿಡದೆ ಬೆನ್ನು ಹತ್ತುವವರನ್ನು ನಕ್ಷತ್ರಿಕ ಅನ್ನುತ್ತಾರೆ. ಸಂಘದ ಸಾಲದ ಕಂತಿಗೆ ವಾರವಾರ ಬಾಗಿಲು ತಟ್ಟುವವರು ನಕ್ಷತ್ರಿಕರು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗಲೇ ಕೆಲಸ ಎಲ್ಲಾದರೂ ಆಯಿತೇ ಎಂದು ವಿಚಾರಿಸುವ ನೆಂಟರೂ ನಕ್ಷತ್ರಿಕರೇ. ಈ ಮಾತು ಕೇಳಿದಾಗ ನಮ್ಮ ತಾತನ ವಯಸ್ಸಿನವರ ಕಣ್ಣಮುಂದೆ ಬರುವುದು ಒಂದೇ ಮುಖ. ಕಡ್ಡಿಯಂಥ ಮೈ, ಮುಂದೆ ಬಂದ ಹಲ್ಲು, ಅಯ್ಯೋ ಪಾಪ ಅನ್ನಿಸುವಂತೆ ನೋಡುತ್ತಲೇ ಪ್ರಾಣ ಹಿಂಡುವ ಕಣ್ಣು. 1965ರ ‘ಸತ್ಯ ಹರಿಶ್ಚಂದ್ರ’ದ ನರಸಿಂಹರಾಜು.

ನಾನು ಅವರ ಬೆನ್ನು ಹತ್ತಿದ್ದು ಅಭಿಮಾನದಿಂದಲ್ಲ, ಜಗಳದಿಂದ. ಎಂ.ಎ. ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಾ ಚಾಮರಾಜನಗರದಲ್ಲಿ ಇಬ್ಬರು ಗೆಳೆಯರ ಜತೆ ರೂಮು ಮಾಡಿಕೊಂಡಿದ್ದೇನೆ. ಬೆಂಗಳೂರಿನ ಒಂದು ನಿರ್ಮಾಣ ಸಂಸ್ಥೆ ಹೊಸಬರಿಂದ ಹಾಸ್ಯ ಧಾರಾವಾಹಿಯ ಮಾದರಿ ಕಂತು ಕೇಳಿದೆ ಎಂಬ ಸುದ್ದಿ ಬಂತು. ಮೂವರೂ ಬರೆಯಲು ಕೂತೆವು. ಒಬ್ಬನಿಗೆ ತಲೆಬುಡವಿಲ್ಲದ ತಮಾಷೆಯೇ ಬೇಕು. ಕಾರಣವಿಲ್ಲದೆ ಒಬ್ಬ ಬಕೆಟ್ಟಿನಲ್ಲಿ ಕಾಲು ಸಿಕ್ಕಿಸಿಕೊಳ್ಳಬೇಕು, ಇನ್ನೊಬ್ಬ ಅದನ್ನು ಬಿಡಿಸಲು ಹೋಗಿ ತಾನೂ ಸಿಕ್ಕಿಕೊಳ್ಳಬೇಕು. ಮತ್ತೊಬ್ಬನ ಪ್ರಕಾರ ಅದು ರೀಲ್ಸ್‌ಗೆ ಸರಿ, ವಾರಕ್ಕೆ ಐದು ದಿನ ಅರ್ಧ ಗಂಟೆ ಮನೆಮಂದಿಯೆಲ್ಲ ಕೂತು ನೋಡುವುದಕ್ಕಲ್ಲ. ನನಗೆ ಎರಡೂ ಸರಿ ಅನ್ನಿಸಿ, ಆ ಬಗೆಯ ತಮಾಷೆಯನ್ನೇ ಅನ್ನ ಮಾಡಿಕೊಂಡ ಒಬ್ಬರ ಬದುಕು ಹೇಗಿತ್ತು ಎಂದು ಹುಡುಕತೊಡಗಿದೆ.

ನರಸಿಂಹರಾಜು ಹುಟ್ಟಿದ್ದು 1923ರಲ್ಲಿ, ತಿಪಟೂರಿನಲ್ಲಿ. ಸ್ಲೇಟು ಹಿಡಿಯುವ ವಯಸ್ಸಿನಲ್ಲೇ ಬಣ್ಣ ಹಚ್ಚಿದರು. ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿಯಲ್ಲಿ ಅವರು ಮಾಡಿದ್ದು ಪ್ರಹ್ಲಾದ, ಲೋಹಿತಾಶ್ವನಂಥ ಬಾಲಪಾತ್ರಗಳನ್ನು. ಅಂದರೆ ಹರಿಶ್ಚಂದ್ರನ ಮಗನಾಗಿ ಅತ್ತ ಹುಡುಗನೇ ದೊಡ್ಡವನಾದ ಮೇಲೆ ಅದೇ ಹರಿಶ್ಚಂದ್ರನನ್ನು ಕಾಡುವವನಾದ. ಈ ನಡುವೆ ಅವರು ಕಂಡದ್ದು ಸುಖದ ದಾರಿಯನ್ನಲ್ಲ. ಕಂಪನಿಯಿಂದ ಕಂಪನಿಗೆ ಅಲೆದರು, ಸ್ವಂತ ಕಂಪನಿ ಕಟ್ಟಿ ಕೈಸುಟ್ಟುಕೊಂಡರು, ಕಡೆಗೆ ಗುಬ್ಬಿ ಕಂಪನಿಗೆ ಬಂದರು.

ಕಂಪನಿ ನಾಟಕದಲ್ಲಿ ಹಾಸ್ಯಗಾರನ ಕೆಲಸ ಏನೆಂದು ಹೊಸ ತಲೆಮಾರಿಗೆ ಗೊತ್ತಿರಲಿಕ್ಕಿಲ್ಲ. ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕೆಂದರೆ ಹಿಂದೆ ಆಳುಗಳು ಸಾಮಾನು ಎತ್ತಿ ಇಳಿಸಬೇಕು. ಅಷ್ಟು ಹೊತ್ತು ಮುಂದೊಂದು ಪರದೆ ಇಳಿಬಿಟ್ಟು, ಅದರ ಮುಂದೆ ಹಾಸ್ಯಗಾರನನ್ನು ಬಿಡುತ್ತಿದ್ದರು. ಕಥೆಗೂ ಅವನಿಗೂ ಸಂಬಂಧವಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಏನಾದರೂ ಮಾಡಿ ಜನ ಎದ್ದುಹೋಗದಂತೆ ನೋಡಿಕೊಳ್ಳಬೇಕು. ಒಳಗೆ ಕಾಡು ಸಿದ್ಧವಾಗುವುದು ತಡವಾದರೆ ಇನ್ನಷ್ಟು ಎಳೆಯಬೇಕು, ಬೇಗ ಆದರೆ ತಕ್ಷಣ ಮುಗಿಸಿ ಜಾಗ ಖಾಲಿ ಮಾಡಬೇಕು. ನಮ್ಮೂರ ಜಾತ್ರೆಯಲ್ಲಿ ಕುರುಕ್ಷೇತ್ರ ಆಡುವಾಗ ಇಂದಿಗೂ ಹಾರ್ಮೋನಿಯಂ ಮೇಷ್ಟ್ರು ಕಣ್ಸನ್ನೆ ಮಾಡಿದ ಕೂಡಲೇ ಹಾಸ್ಯದವನು ಅರ್ಧ ಮಾತಿಗೇ ಒಳಗೆ ಓಡುವುದನ್ನು ನೋಡಬಹುದು. ಕನ್ನಡದ ಹುಚ್ಚಾಟದ ಹಾಸ್ಯ ಬೆಳೆದಿದ್ದು ಹೀಗೆ, ಎರಡು ಗಂಭೀರ ದೃಶ್ಯಗಳ ಸಂದಿಯಲ್ಲಿ. ನಮ್ಮ ರೂಮಿನ ಜಗಳಕ್ಕೆ ಇದು ತುಂಬಾ ಮುಖ್ಯ ಅಂತ ನನಗೆ ಅನ್ನಿಸಿತು. ಧಾರಾವಾಹಿಯಲ್ಲಿ ಸಂದಿ ಇರುವುದಿಲ್ಲ. ಸಂದಿಯನ್ನೇ ಮನೆ ಮಾಡಿಕೊಂಡು ದಿನವೂ ವಾಸಿಸಬೇಕು.

1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ನಮ್ಮ ಗಾಜನೂರಿನ ಮುತ್ತುರಾಜ್ ರಾಜ್‌ಕುಮಾರ್ ಆದದ್ದು ಆ ಚಿತ್ರದಲ್ಲಿ. ನರಸಿಂಹರಾಜು ಅವರಿಗೆ ಸಿನಿಮಾದ ಬಾಗಿಲು ತೆರೆದದ್ದೂ ಅದೇ. ಆಗ ಅವರಿಗೆ ಮೂವತ್ತು ದಾಟಿತ್ತು. ನಾವೆಲ್ಲ ಇಪ್ಪತ್ತೈದಕ್ಕೇ ವಯಸ್ಸು ಮೀರಿತು ಎಂದು ಲೆಕ್ಕ ಹಾಕುವವರು. ಅವರ ಹೊತ್ತಿಗೆ ಇಪ್ಪತ್ತೈದು ವರ್ಷದ ಅನುಭವವೇ ಆಗಿತ್ತು, ಕೈಯಲ್ಲಿ ಕಾಸು ಮಾತ್ರ ಇರಲಿಲ್ಲ.

ಸಿನಿಮಾಕ್ಕೆ ಬಂದ ಮೇಲೂ ಬವಣೆ ತಪ್ಪಲಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳು, ಅದೂ ಮದ್ರಾಸಿನಲ್ಲಿ. ಕೆಲಸವಿಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ನಾಟಕ ಒಯ್ದರು, ಆಮೇಲೆ ‘ರಣಧೀರ ಕಂಠೀರವ’ ತೆಗೆದರು. ಅದು 1960ರಲ್ಲಿ ತೆರೆಕಂಡಿತು. ನಾಲ್ವರು ನಿರುದ್ಯೋಗಿಗಳ ಈ ಕಥೆಯೇ ಒಂದು ಒಳ್ಳೆಯ ಹಾಸ್ಯ ಧಾರಾವಾಹಿ ಆಗುತ್ತದೆ, ಯಾಕೆ ಯಾರೂ ಮಾಡಿಲ್ಲವೋ!

ಮುಂದಿನ ಹದಿನೈದು ವರ್ಷ ಅವರಿಲ್ಲದ ಕನ್ನಡ ಚಿತ್ರ ಹುಡುಕಬೇಕಿತ್ತು. ನಾಯಕನ ಕಾಲ್‌ಶೀಟ್‌ಗಿಂತ ಮೊದಲು ಅವರದ್ದನ್ನು ಕೇಳುತ್ತಿದ್ದರಂತೆ. ಟೆಂಟಿನಲ್ಲಿ ನೆಲದ ಟಿಕೆಟ್ಟಿಗೆ ಕೂತು ನೋಡಿದ ನಮ್ಮ ತಾತ ಹೇಳುವುದೂ ಇದನ್ನೇ. ಪೋಸ್ಟರಿನ ಮೂಲೆಯಲ್ಲಿ ಆ ಹಲ್ಲು ಕಂಡರೆ ಸಾಕು, ಜನ ಗಾಡಿ ಕಟ್ಟುತ್ತಿದ್ದರು.

ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ವನ್ನು ಈ ಸಲ ಪೆನ್ನು ಹಿಡಿದು ನೋಡಿದೆ. ವಿಶ್ವಾಮಿತ್ರನ ಸಾಲ ವಸೂಲಿಗೆ ರಾಜನ ಬೆನ್ನಿಗೆ ಬಿದ್ದ ಶಿಷ್ಯ ನಕ್ಷತ್ರಿಕ. ಅವನ ಕಾಟಗಳೆಲ್ಲ ಬರೀ ಚಿಲ್ಲರೆ. ಮಗು ಹಟ ಮಾಡಿದ ಹಾಗೆ ಹಟ, ಹಸಿವಿನ ದೂರು, ನಡೆಯಲಾರೆನೆಂಬ ರಾಗ. ಬಿಡಿಬಿಡಿಯಾಗಿ ನೋಡಿದರೆ ಪಕ್ಕಾ ಪೆದ್ದು ಹಾಸ್ಯ. ಆದರೆ ಅವನು ಯಾರ ಮುಂದೆ ಹೀಗೆ ಆಡುತ್ತಿದ್ದಾನೆ? ರಾಜ್ಯ ಕಳೆದುಕೊಂಡು, ಹೆಂಡತಿ ಮಗನ ಜತೆ ಬರಿಗಾಲಲ್ಲಿ ಹೊರಟವನ ಮುಂದೆ. ರಾಜ್‌ಕುಮಾರ್ ಒಮ್ಮೆಯೂ ನಗುವುದಿಲ್ಲ. ಕೊಟ್ಟ ಮಾತಿಗೆ ತಲೆಬಾಗಿ ಎಲ್ಲವನ್ನೂ ಸಹಿಸುತ್ತಾರೆ. ಅವರು ಸಹಿಸಿದಷ್ಟೂ ನರಸಿಂಹರಾಜು ಹೆಚ್ಚು ಮೆರೆಯಬಹುದು. ರಾಜನೂ ಒಂದು ಜೋಕು ಹೊಡೆದಿದ್ದರೆ ನಕ್ಷತ್ರಿಕನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾವು ನಗುತ್ತಿರುವಾಗಲೂ ಆ ಸಾಲ ತೀರಿಲ್ಲ ಎಂಬುದು ತಲೆಯಲ್ಲಿ ಕೂತಿರುತ್ತದೆ.

ಟಿವಿಗೆ ಬರೋಣ. ಈಟಿವಿ ಕನ್ನಡದಲ್ಲಿ ಫಣಿ ರಾಮಚಂದ್ರ ಅವರ ‘ದಂಡಪಿಂಡಗಳು’ ಬರುತ್ತಿತ್ತು. ಕೆಲಸವಿಲ್ಲದ ಹುಡುಗರ ಹುಚ್ಚಾಟ, ಆದರೆ ಕೆಲಸವಿಲ್ಲ ಎಂಬುದು ಹುಚ್ಚಾಟವಲ್ಲ. ‘ಪಾಪ ಪಾಂಡು’ವಿನಲ್ಲಿ ಪಾಂಡುವಿಗೆ ಹೆಂಡತಿ ಶ್ರೀಮತಿಯ ಭಯ ನಿಜವಾದದ್ದು. ‘ಸಿಲ್ಲಿ ಲಲ್ಲಿ’ಯಲ್ಲಿ ಲಲಿತಾಂಬ ತನ್ನ ಸಮಾಜಸೇವೆಯನ್ನು, ಡಾಕ್ಟರ್ ವಿಠಲ್ ರಾವ್ ತನ್ನ ವೈದ್ಯಕೀಯವನ್ನು ತಮಾಷೆ ಅಂದುಕೊಂಡೇ ಇಲ್ಲ. ಪಾತ್ರ ಪೆದ್ದಾಗಿರುತ್ತದೆ, ತಾನು ಪೆದ್ದು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಈಚಿನ ಕೆಲವು ಹಾಸ್ಯ ಕಾರ್ಯಕ್ರಮಗಳಲ್ಲಿ ವೇದಿಕೆ ಮೇಲಿರುವವರೆಲ್ಲ ನಕ್ಷತ್ರಿಕರೇ. ಅವರ ಜೋಕಿಗೆ ಅವರೇ ನಗುತ್ತಾರೆ, ಸಾಲದ್ದಕ್ಕೆ ನಗುವಿನ ಸದ್ದನ್ನೂ ಸೇರಿಸುತ್ತಾರೆ. ಹತ್ತು ನಿಮಿಷಕ್ಕೆ ನನಗಂತೂ ಸುಸ್ತು.

ಬಕೆಟ್ ಗೆಳೆಯ ಮಿಸ್ಟರ್ ಬೀನ್ ಹೆಸರು ತಂದ. ಅಲ್ಲಿ ಸಾಲವೂ ಇಲ್ಲ, ಸಂಸಾರವೂ ಇಲ್ಲ, ಬರೀ ಕೋತಿಯಾಟ ಎಂದ. ನಿಜ, ಆದರೆ ಲೋಕವೆಲ್ಲ ನೋಡಿದ ಆ ಧಾರಾವಾಹಿಯ ಕಂತುಗಳು ಒಟ್ಟು 15. ನಮ್ಮಲ್ಲಿ ಅದು ಮೂರು ವಾರದ ಸರಕು. ಇನ್ನೊಂದು ವಿಷಯ, ಬೀನ್ ಸುತ್ತ ಇರುವವರೆಲ್ಲ ಸಭ್ಯ ಗಂಭೀರ ಜನ. ಚರ್ಚಿನಲ್ಲಿ ಅವನ ಪಕ್ಕ ಕೂತವನ ಮುಖ ನೋಡಿ. ಅಲ್ಲಿಯೂ ಒಬ್ಬ ಹರಿಶ್ಚಂದ್ರ ಕೂತಿದ್ದಾನೆ.

ನರಸಿಂಹರಾಜು ತಾವೇ ಹಣ ಹಾಕಿ, ತಾವೇ ಮುಖ್ಯ ಪಾತ್ರ ಮಾಡಿ 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ತೆಗೆದರು. ಇಪ್ಪತ್ತು ವರ್ಷ ಸಂದಿಯಲ್ಲಿ ನಿಂತವರಿಗೆ ಒಮ್ಮೆ ನಡುಮನೆಯಲ್ಲಿ ಕೂರುವ ಆಸೆ ಇರದೆ ಇರುತ್ತದೆಯೇ? ನನಗೆ ಆ ಚಿತ್ರ ಇಷ್ಟ. ಆದರೂ ಹಾಸ್ಯಚಕ್ರವರ್ತಿ ಎಂದ ಕೂಡಲೇ ಜನಕ್ಕೆ ನೆನಪಾಗುವುದು ಹುಚ್ಚೂರಾಯನಲ್ಲ, ನಕ್ಷತ್ರಿಕ.

ಕೊನೆಯ ವರ್ಷಗಳು ನಗುವಂಥವಾಗಿರಲಿಲ್ಲ. ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡರು. ಆ ನೋವಿನ ಮೇಲೂ ಬಣ್ಣ ಹಚ್ಚಿದರು, ಜನ ನಕ್ಕರು. 1979ರಲ್ಲಿ, ಅರವತ್ತಕ್ಕೂ ಮುಂಚೆ ತೀರಿಕೊಂಡರು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಎರಡೇ ವರ್ಷದ ಅಂತರದಲ್ಲಿ ಟಿವಿ ಅವರ ಕೈತಪ್ಪಿತು, ಅಥವಾ ಅವರು ಟಿವಿಯ ಕೈತಪ್ಪಿದರು.

ನಮ್ಮ ಮಾದರಿ ಕಂತು ಈಗ ಬದಲಾಗಿದೆ. ಮೂವರು ಹುಡುಗರು, ಎರಡು ತಿಂಗಳ ಬಾಡಿಗೆ ಬಾಕಿ, ಒಮ್ಮೆಯೂ ನಗದ ಮನೆ ಮಾಲೀಕ. ಬಕೆಟ್ಟು ಉಳಿದಿದೆ, ಅದು ಮಾಲೀಕನದು. ಸಂಸ್ಥೆಯವರಿಂದ ಇನ್ನೂ ಉತ್ತರ ಬಂದಿಲ್ಲ.

ಮೊಬೈಲಿನಲ್ಲಿ ನರಸಿಂಹರಾಜು ಎಂದು ಹುಡುಕಿದರೆ ನಕ್ಷತ್ರಿಕನ ತುಣುಕುಗಳು ಬೇಕಾದಷ್ಟು ಸಿಗುತ್ತವೆ. ಹೆಚ್ಚಿನವರು ನಗು ಬರುವಷ್ಟನ್ನೇ ಇಟ್ಟು, ರಾಜ್‌ಕುಮಾರ್ ಸುಮ್ಮನೆ ನಿಂತ ಜಾಗಗಳನ್ನೆಲ್ಲ ಕತ್ತರಿಸಿ ಹಾಕಿದ್ದಾರೆ. 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ ಪೂರ್ತಿ ಚಿತ್ರ ಇದೆ. ಒಂದು ಭಾನುವಾರ ಅದನ್ನೇ ನೋಡಿ.